ಸೇಡಂ ಬಿಸಿಲಿನಲ್ಲಿ ಬಾವಂಚಿ ಬೀಜ

ಮೇ 7ರಿಂದ 10ರೊಳಗಿನ ಒಂದು ಮಧ್ಯಾಹ್ನ, ಗಡಿಯಾರದಲ್ಲಿ 12.20 ಆಗುವ ಹೊತ್ತಿಗೆ, ವಾಡಿ ಜಂಕ್ಷನ್ನಿನ ಹೊರಗಿನ ಬಯಲಿನಲ್ಲಿ ನಿಂತರೆ ನಮ್ಮ ನೆರಳು ಪಾದದಡಿಗೇ ಸೇರಿಹೋಗಿರುತ್ತದೆ. ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬಂದಿರುತ್ತಾನೆ. ವಾಡಿ, ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿ ಐದೂ 17ನೇ ಅಕ್ಷಾಂಶದ ಆಸುಪಾಸಿನ ಊರುಗಳು. ಒಂದೆರಡು ದಿನ ಹಿಂದುಮುಂದಾಗಿ ಎಲ್ಲಕ್ಕೂ ಈ ನೆರಳಿಲ್ಲದ ಗಳಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಎರಡನೆಯದು ಆಗಸ್ಟ್ ಮೊದಲ ವಾರದಲ್ಲಿ, ಸಾಮಾನ್ಯವಾಗಿ ಮುಂಗಾರಿನ ಮೋಡದ ಮರೆಯಲ್ಲಿ ಆಗಿಹೋಗುತ್ತದೆ. ಮೇ ತಿಂಗಳಿನದಕ್ಕೆ ಅಂಥ ಮರೆಯಿಲ್ಲ. ನೆತ್ತಿಯ ಸೂರ್ಯನ ಕಿರಣ ಗಾಳಿಯ ಪದರವನ್ನು ಅತಿ ಹತ್ತಿರದ ದಾರಿಯಿಂದ ದಾಟುವುದರಿಂದ ಓಝೋನ್ ಅದನ್ನು ಸೋಸುವುದೂ ಕಡಿಮೆ. ಅತಿನೇರಳೆ ಸೂಚ್ಯಂಕ 11 ಮುಟ್ಟಿದರೆ ಅದು ‘ವಿಪರೀತ’ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಸೀಮೆಯ ಬೇಸಿಗೆಯ ನಡುಹಗಲು ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ.

ಮುಖಕ್ಕೆ ಹಚ್ಚುವ ಲೇಪದ ಬಗ್ಗೆ ಬರೆಯಲು ಕುಳಿತು ಸೂರ್ಯನಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಮೂವತ್ತು ಮೂವತ್ತೈದರ ಹೊತ್ತಿಗೆ ಮುಖದ ಮೇಲೆ ಕಾಣಿಸಿಕೊಳ್ಳುವ ಮುಪ್ಪಿನ ಮೊದಲ ಗುರುತುಗಳಲ್ಲಿ ವಯಸ್ಸಿನ ಪಾಲು ಸಣ್ಣದು, ಬಿಸಿಲಿನ ಪಾಲು ದೊಡ್ಡದು. ತೊಗರಿ ಹೊಲದಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳ ಮುಂಗೈಯನ್ನೂ ತೋಳಿನ ಒಳಬದಿಯನ್ನೂ ಒಟ್ಟಿಗೆ ನೋಡಿದರೆ ಇದು ಗೊತ್ತಾಗುತ್ತದೆ. ಎರಡಕ್ಕೂ ವಯಸ್ಸು ಒಂದೇ, ಸಾಕಿದ ರಕ್ತವೂ ಒಂದೇ. ಕುಪ್ಪಸದ ಮರೆಯಲ್ಲಿದ್ದ ಚರ್ಮ ನುಣುಪಾಗಿ, ಒಂದೇ ಬಣ್ಣದಲ್ಲಿ ಉಳಿದಿರುತ್ತದೆ. ಬಿಸಿಲು ಕಂಡದ್ದು ಒರಟಾಗಿ, ಅಲ್ಲಲ್ಲಿ ಕಪ್ಪಾಗಿ, ಗೆರೆಗೆರೆಯಾಗಿರುತ್ತದೆ. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ 1980ರ ದಶಕದಲ್ಲಿ ಈ ಎರಡು ಮುಪ್ಪುಗಳನ್ನು ಬೇರೆಬೇರೆಯಾಗಿ ನೋಡಬೇಕೆಂದು ಪಟ್ಟುಹಿಡಿದು ಬರೆದ. ಬೆಳಕು ತರುವ ಮುಪ್ಪು ಬೇರೆ, ಕಾಲ ತರುವ ಮುಪ್ಪು ಬೇರೆ. ಕಾಲವನ್ನು ತಡೆಯಲಾಗದು, ಬೆಳಕನ್ನು ತಡೆಯಬಹುದು.

ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದಲ್ಲಿ ಈ ಮುಪ್ಪು ಬರುವ ಬಗೆಯೂ ಬೇರೆ. ಯುರೋಪಿನ ಬಿಳಿ ಚರ್ಮದಲ್ಲಿ ಮೊದಲು ಕಾಣುವುದು ಸುಕ್ಕು. ನಮ್ಮಲ್ಲಿ ಮೊದಲು ಕೆಡುವುದು ಬಣ್ಣ: ಕೆನ್ನೆಯ ಮೇಲೆ ಬಂಗು, ಹಣೆಯಂಚಿನಲ್ಲಿ ಕಪ್ಪು, ಕಣ್ಣಿನ ಸುತ್ತ ಮಬ್ಬು. ಸುಕ್ಕು ಸುಮಾರು ಹತ್ತು ವರ್ಷ ತಡವಾಗಿ ಬರುತ್ತದೆ. ಇದು ಮೆಲನಿನ್ ಎಂಬ ವರ್ಣಕದ ಕೆಲಸ. 1979ರಲ್ಲಿ ಕೈಡ್‌ಬೇ ಮತ್ತು ಸಂಗಡಿಗರು ಅಳೆದಾಗ ಕಪ್ಪು ಚರ್ಮದ ಮೇಲ್ಪದರ ಎಸ್‌ಪಿಎಫ್ ಲೆಕ್ಕದಲ್ಲಿ ಸರಾಸರಿ 13.4ರಷ್ಟು ರಕ್ಷಣೆ ಕೊಡುತ್ತಿತ್ತು, ಬಿಳಿ ಚರ್ಮದ್ದು 3.4ರಷ್ಟು ಮಾತ್ರ. ನಮ್ಮದು ಇವೆರಡರ ನಡುವೆ ಬರುತ್ತದೆ. ಆದರೆ ಕಾಯುವ ಆ ಮೆಲನಿನ್ನೇ ಕೆರಳಿದಾಗ ಕಲೆಯಾಗಿ ನಿಲ್ಲುತ್ತದೆ. ಕೆರಳಿಸಲು ಬಿಸಿಲೇ ಆಗಬೇಕಿಲ್ಲ, ಉಜ್ಜಿದರೂ ಸಾಕು, ಉರಿಸಿದರೂ ಸಾಕು. ಮುಖಲೇಪದ ವಿಷಯದಲ್ಲಿ ಇದು ಬಹಳ ದೊಡ್ಡ ಮಾತು.

ಒಳಗೆ ನಡೆಯುವುದೇನು? ಚರ್ಮದ ಮೇಲ್ಪದರದ ಕೆಳಗೆ ಒಳಚರ್ಮವಿದೆ. ಅದರ ಒಣತೂಕದ ಮುಕ್ಕಾಲು ಪಾಲು ಕೊಲ್ಯಾಜನ್ ಎಂಬ ಪ್ರೋಟೀನಿನ ನೂಲು. ಮಿಷಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್, ಜಾನ್ ವೂರೀಸ್ ಮತ್ತು ಸಂಗಡಿಗರು 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇಷ್ಟು: ಚರ್ಮ ಕೆಂಪೇರುವುದಕ್ಕೂ ಸಾಲದಷ್ಟು ಕಡಿಮೆ ಅತಿನೇರಳೆ ಕಿರಣ ಬಿದ್ದರೂ ಕೆಲವೇ ತಾಸುಗಳಲ್ಲಿ ಕೊಲ್ಯಾಜನ್ ಕತ್ತರಿಸುವ ಕಿಣ್ವಗಳು ಹುಟ್ಟಿಕೊಳ್ಳುತ್ತವೆ. ಕತ್ತರಿಸಿದ್ದನ್ನು ಚರ್ಮ ಮತ್ತೆ ಹೆಣೆಯುತ್ತದೆ, ಆದರೆ ಪೂರ್ತಿ ಮೊದಲಿನಂತೆ ಅಲ್ಲ. ಹಾಗೆ ಉಳಿದ ಸಣ್ಣ ಸಣ್ಣ ಕೊರತೆಗಳೇ ವರ್ಷಾನುಗಟ್ಟಲೆ ಸೇರಿ ಸುಕ್ಕಾಗುತ್ತವೆ.

ಈ ಕಿರಣಗಳಲ್ಲಿ ಯುವಿ-ಬಿ ಚರ್ಮವನ್ನು ಸುಡುತ್ತದೆ, ಗಾಜು ಅದನ್ನು ತಡೆಯುತ್ತದೆ. ಯುವಿ-ಎ ಸುಡುವುದು ಕಡಿಮೆ, ಆದರೆ ಆಳಕ್ಕೆ ಇಳಿಯುತ್ತದೆ, ಕಿಟಕಿಯ ಸಾದಾ ಗಾಜನ್ನೂ ದಾಟಿ ಬರುತ್ತದೆ. 28 ವರ್ಷ ಲಾರಿ ಓಡಿಸಿದ 69ರ ಅಮೆರಿಕನ್ ಚಾಲಕನೊಬ್ಬನ ಚಿತ್ರವನ್ನು 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಅಚ್ಚು ಹಾಕಿತು. ಅವನ ಮುಖದ ಎಡಭಾಗದಲ್ಲಿ ಮಾತ್ರ ಉತ್ತ ಹೊಲದಂಥ ಆಳವಾದ ಸಾಲುಗಳು, ಬಲಭಾಗ ಎಷ್ಟೋ ಕಿರಿಯದು. ಅಲ್ಲಿ ಚಾಲಕ ಕೂರುವುದು ಎಡಕ್ಕೆ. ನಮ್ಮ ದೇಶದಲ್ಲಿ ಬಲಕ್ಕೆ. ಸೇಡಂ–ಕಲಬುರಗಿ ದಾರಿಯಲ್ಲಿ ವರ್ಷಗಟ್ಟಲೆ ಸಿಮೆಂಟ್ ಲಾರಿ ಓಡಿಸಿದವರ ಬಲಗೈಯನ್ನು ಒಮ್ಮೆ ಎಡಗೈ ಪಕ್ಕ ಇಟ್ಟು ನೋಡಿ.

ಈ ಸೀಮೆಯಲ್ಲಿ ಬಿಸಿಲಿಗೆ ಇನ್ನೂ ಎರಡು ಸೇರಿಕೊಂಡಿವೆ. ಒಂದು ಕಲ್ಲು. ಶಹಾಬಾದಿನ ಫರ್ಸಿ ಖಣಿಗಳಲ್ಲಿ ಕೆಲಸ ಮಾಡುವವರಿಗೆ ಬಿಸಿಲು ಮೇಲಿನಿಂದಷ್ಟೇ ಬರುವುದಿಲ್ಲ, ಬೋಳು ಸುಣ್ಣಕಲ್ಲಿನ ಹಾಸು ಕೆಳಗಿನಿಂದಲೂ ಕಿರಣವನ್ನು ಮುಖಕ್ಕೆ ತಿರುಗಿಸುತ್ತದೆ. ಟೋಪಿ ತಡೆಯುವುದು ಮೇಲಿನದನ್ನು ಮಾತ್ರ. ಇನ್ನೊಂದು ದೂಳು. ಹಸಿ ಸಿಮೆಂಟಿನ ಕ್ಷಾರತೆ ಪಿಎಚ್ ಅಳತೆಯಲ್ಲಿ 12ರಿಂದ 13, ಆರೋಗ್ಯವಾದ ಚರ್ಮದ್ದು 5ರ ಸುಮಾರು. ಬೆವರಿಗೆ ಅಂಟಿದ ಸಿಮೆಂಟ್ ದೂಳು ಚರ್ಮದ ಆಮ್ಲೀಯ ಹೊದಿಕೆಯನ್ನು ಕೆಡಿಸಿ ಒಣಗಿಸುತ್ತದೆ. ಹೊಗೆ, ಮಸಿಯ ಕಣಗಳ ಬಗ್ಗೆಯಂತೂ ಗಟ್ಟಿ ಅಧ್ಯಯನವೇ ಇದೆ. ಜರ್ಮನಿಯಲ್ಲಿ 70ರಿಂದ 80 ವಯಸ್ಸಿನ 400 ಹೆಂಗಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮಸಿ ಮತ್ತು ವಾಹನಗಳ ಕಣ ಹೆಚ್ಚಿದ್ದ ಕಡೆ ಬಾಳಿದವರ ಹಣೆ, ಕೆನ್ನೆಗಳಲ್ಲಿ ಕಲೆಗಳು ಶೇ. 20ರಷ್ಟು ಹೆಚ್ಚು.

ವಾಡಿಯಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ನನ್ನನ್ನು ಕೇಳಿದ್ದಳು: “ಅಕ್ಕಾರ, ಮಾರಿಗಿ ಏನ್ ಹಚ್ಚಿದ್ರ ಈ ಕಲಿ ಹೋಗ್ತಾವ್ರಿ? ನಮ್ಮವ್ವ ಕಡ್ಲಿ ಹಿಟ್ಟು ಹಚ್ಚು ಅಂತಾಳ. ಮೊಬೈಲಿನ್ಯಾಗ ನೋಡಿದ್ರ ಬಾವಂಚಿ ಹಚ್ರಿ ಅಂತಾರ. ಯಾರ ಮಾತು ಕೇಳಬೇಕ್ರಿ?”

ಈ ಅಧ್ಯಾಯ ಅವಳ ಪ್ರಶ್ನೆಗೆ ಉತ್ತರ. ಮೊದಲು ಅವ್ವನ ಮಾತು ನೋಡೋಣ.

ಕಡಲೆ ಹಿಟ್ಟಿಗೆ ಮೊಸರು, ಚಿಟಿಕೆ ಅರಿಶಿಣ ಕಲಸಿ ಮುಖಕ್ಕೆ ಹಚ್ಚುವುದು ಈ ಕಡೆ ಹೊಸದಲ್ಲ. ಮೈಗೆ ಹಿಟ್ಟು, ಗಂಧ, ಎಣ್ಣೆ ಪೂಸುವ ರೂಢಿ ನಮ್ಮ ನಾಡಿನಲ್ಲಿ ಎಷ್ಟು ಬೆಳೆದಿತ್ತೆಂದರೆ, ಇಲ್ಲಿಂದ ದೂರವೇನಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿನಲ್ಲಿ ಸಿದ್ಧಪಡಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಸ್ನಾನಕ್ಕೇ ಒಂದು ಭಾಗ, ಲೇಪನಕ್ಕೇ ಒಂದು ಭಾಗ ಇವೆ. ಕಲ್ಯಾಣಕ್ಕಿಂತ ಮೊದಲು ರಾಜಧಾನಿಯಾಗಿದ್ದದ್ದು ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆಯ ಆ ಊರಿನಲ್ಲಿ ಈಗ ಸಿಮೆಂಟ್ ಕಾರ್ಖಾನೆ ಇದೆ. ರಾಜರ ಲೇಪಕ್ಕೆ ಕಸ್ತೂರಿ, ಕೇಸರಿ ಬೇಕಿತ್ತು. ಕಡಲೆ ಹಿಟ್ಟು ಎಲ್ಲರ ಮನೆಯ ಡಬ್ಬಿಯಲ್ಲೂ ಇತ್ತು.

ಆ ಹಿಟ್ಟು ಮುಖದ ಮೇಲೆ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹೊಲಿಗೆಯ ಆ ತಂಗಿ ಒಪ್ಪಿದ್ದರಿಂದ ಅವಳ ಮುಖದ ಒಂದು ಬದಿಗೆ ಮಾತ್ರ ಹಿಟ್ಟಿನ ಲೇಪ ಹಚ್ಚಿದೆವು, ಇನ್ನೊಂದು ಬದಿಗೆ ಬರೀ ನೀರು ನೆನೆಸಿದ ಬಟ್ಟೆ. ಯಾವ ಬದಿಗೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದೆವು. ಹಚ್ಚಿದ ಕೂಡಲೇ ತಂಪು, ಅದು ನೀರು ಆರುವಾಗಿನ ತಂಪು. ಸ್ವಲ್ಪ ಹೊತ್ತಿಗೆ ಅಂಚು ಬಿಳುಪಾಗತೊಡಗಿತು. ಮೂಗಿನ ಪಕ್ಕ ದಪ್ಪಗಿದ್ದಲ್ಲಿ ಇನ್ನೂ ಹಸಿ, ದವಡೆಯಲ್ಲಿ ತೆಳ್ಳಗಿದ್ದಲ್ಲಿ ಆಗಲೇ ಒಣಕಲು. ಅವಳು ನಕ್ಕಾಗ ಕಣ್ಣಂಚಿನಿಂದ ಮೂರು ಬಿರುಕು ಹೊರಟವು. ಬೇಸಿಗೆಯಲ್ಲಿ ಚಿತ್ತಾಪುರದ ಎರೆ ಹೊಲ ಬಿರಿಯುವುದು ಹೀಗೆಯೇ: ನೀರು ಹೋದಂತೆ ಪದರ ಕುಗ್ಗುತ್ತದೆ, ಕೆಳಗಿನದು ಕುಗ್ಗುವುದಿಲ್ಲ, ಎಳೆತ ತಾಳದೆ ಮೇಲಿನದು ಸೀಳುತ್ತದೆ. ಮುಖ ‘ಬಿಗಿಯಾಯಿತು’ ಎನ್ನಿಸುವುದು ಈ ಎಳೆತದಿಂದ. ಹಿಟ್ಟಿನ ಪಿಷ್ಟ ಮತ್ತು ಪ್ರೋಟೀನು ಒಣಗುತ್ತ ಚರ್ಮವನ್ನು ಎಳೆದು ಹಿಡಿಯುತ್ತವೆ. ಕೊಲ್ಯಾಜನ್ನಿಗೆ ಇದರ ಸುದ್ದಿಯೇ ಮುಟ್ಟಿರುವುದಿಲ್ಲ.

ತೊಳೆದ ಮೇಲೆ ಹಿಟ್ಟಿನ ಬದಿ ನಿಜವಾಗಿಯೂ ಚೆನ್ನಾಗಿ ಕಂಡಿತು. ಜಿಡ್ಡು ಹೋಗಿತ್ತು, ಕಣ್ಣಂಚಿನ ಸಣ್ಣ ಗೆರೆಗಳು ಮಾಸಿದ್ದವು. ನೆರೆಮನೆಯವರನ್ನು ಕರೆದು, ಏನೂ ಹೇಳದೆ, ಯಾವ ಬದಿ ಛಂದ ಕಾಣುತ್ತದೆ ಎಂದು ಕೇಳಿದರೆ ಹಿಟ್ಟಿನ ಬದಿಯನ್ನೇ ತೋರಿಸಿದರು. ಮರುದಿನ ಬೆಳಿಗ್ಗೆ ಅದೇ ಬೆಳಕಿನಲ್ಲಿ ಅವರಿಗೆ ವ್ಯತ್ಯಾಸ ಸಿಗಲಿಲ್ಲ. ಇದಕ್ಕೆ ಕಾರಣ ಚರ್ಮದ ಹೊರಗಿನ ಸತ್ತ ಕೋಶಗಳ ಪದರ. ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ನೀರು ಹೀರಿ ಅದು ಉಬ್ಬುತ್ತದೆ, ಉಬ್ಬಿದಾಗ ಮೇಲ್ಮೇಲಿನ ಗೆರೆ ತುಂಬಿಕೊಳ್ಳುತ್ತದೆ, ನೀರು ಆರಿದಾಗ ಗೆರೆ ಮರಳುತ್ತದೆ. ಮದುವೆಯ ದಿನಕ್ಕೆ ಇಷ್ಟು ಸಾಕು, ಮದುಮಗಳಿಗೆ ಅರಿಶಿಣ ಹಚ್ಚಿ ನೀರೆರೆಯುವ ನಮ್ಮ ಹಿರಿಯರ ಲೆಕ್ಕ ಆ ಮಟ್ಟಿಗೆ ಸರಿಯಾಗಿಯೇ ಇತ್ತು. ಬಂಗಿಗೆ, ಸುಕ್ಕಿಗೆ ಇದು ಸಾಲದು.

ಹಾಗಾದರೆ ಮೊಸರಿನ ಹುಳಿ? ಅದು ಲ್ಯಾಕ್ಟಿಕ್ ಆಮ್ಲ, ಚರ್ಮಚಿಕಿತ್ಸೆಯಲ್ಲಿ ನಿಜವಾಗಿ ಬಳಸುವ ವಸ್ತು. 1996ರ ಒಂದು ಪ್ರಯೋಗದಲ್ಲಿ ಶೇ. 12ರ ಲ್ಯಾಕ್ಟಿಕ್ ಆಮ್ಲವನ್ನು ದಿನಕ್ಕೆರಡು ಸಲ ಮೂರು ತಿಂಗಳು ಹಚ್ಚಿದಾಗ ಮೇಲ್ಪದರವೂ ಒಳಚರ್ಮವೂ ಗಟ್ಟಿಯಾದವು, ಶೇ. 5ರದ್ದು ಮೇಲ್ಪದರದಲ್ಲಷ್ಟೇ ಕೆಲಸ ಮಾಡಿತು. ಮನೆಯ ಮೊಸರಿನಲ್ಲಿ ಇರುವುದು ಶೇ. 1ರ ಆಸುಪಾಸು. ದಿಕ್ಕು ಸರಿ, ಬಲ ಸಾಲದು. ಅರಿಶಿಣದ ಕರ್ಕ್ಯುಮಿನ್ ಉರಿಯೂತ ತಗ್ಗಿಸುವುದು ನಿಜ, ಆದರೆ ಕೊಂಬಿನಲ್ಲಿ ಅದಿರುವುದು ಶೇ. 2ರಿಂದ 5. ಬೆಳಕು ಬಿದ್ದರೆ ಬೇಗ ಒಡೆದುಹೋಗುತ್ತದೆ, ಅರಿಶಿಣ ಹಚ್ಚಿದ ಬಟ್ಟೆ ಬಿಸಿಲಿಗೆ ಬಣ್ಣ ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಪುಡಿ ತರುವ ಬದಲು ಕೊಂಬು ತಂದು ಮನೆಯಲ್ಲೇ ಕುಟ್ಟಿಕೊಳ್ಳುವುದು ಒಳಿತು. ಹಳದಿ ಹೊಳಪಿಗಾಗಿ ಸೀಸದ ಕ್ರೋಮೇಟ್ ಬೆರೆಸುವ ಚಾಳಿ ನಮ್ಮ ಉಪಖಂಡದಲ್ಲಿದೆ.

ನಿಂಬೆರಸದ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ: ಹಗಲಿನಲ್ಲಿ ಮುಖಕ್ಕೆ ಹಚ್ಚಬೇಡಿ. ‘ಕಲೆ ತೆಗೆಯುತ್ತದೆ’ ಎಂದು ಲೇಪಕ್ಕೆ ಹಿಂಡುವ ನಿಂಬೆಯಲ್ಲಿ, ಹೆಚ್ಚಾಗಿ ಅದರ ಸಿಪ್ಪೆಯಲ್ಲಿ, ಫ್ಯೂರೊಕೂಮರಿನ್ ಎಂಬ ವರ್ಗದ ವಸ್ತುಗಳಿವೆ. ಅವು ಚರ್ಮದಲ್ಲಿದ್ದಾಗ ಯುವಿ-ಎ ಬಿದ್ದರೆ ಸುಟ್ಟಗಾಯ, ಗಾಯ ಮಾಯ್ದ ಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು. ಕಲೆಗೆಂದು ಹಚ್ಚಿದ್ದು ಕಲೆಯನ್ನೇ ತರುತ್ತದೆ. ನಮ್ಮ ಬಾವಂಚಿಯ ಕಥೆ ಶುರುವಾಗುವುದೂ ಈ ವರ್ಗದ ವಸ್ತುವಿನಿಂದಲೇ.

ಬಾವಂಚಿ ದಖ್ಖನ್ನಿನ ಎರೆ ಭೂಮಿಯಲ್ಲಿ ಯಾರೂ ಬಿತ್ತದೆ ಬೆಳೆಯುವ ಕಳೆ. ಮೊಣಕಾಲಿನಿಂದ ಸೊಂಟದೆತ್ತರ, ದುಂಡಗೆ ಹಲ್ಲಂಚಿನ ಎಲೆ, ಎಲೆಯ ಮೈತುಂಬ ಕಪ್ಪು ಚುಕ್ಕಿಗಳು. ಆ ಚುಕ್ಕಿಗಳು ಎಣ್ಣೆಯ ಗ್ರಂಥಿಗಳು. ತೊಗರಿಯ ಕುಟುಂಬದ್ದೇ ಗಿಡ, ತಿಳಿನೇರಳೆ ಹೂವಿನ ಪುಟ್ಟ ಗೊಂಚಲು ನೋಡಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ. ಕಾಯಿಯೊಳಗೆ ಒಂದೇ ಬೀಜ. ಕಪ್ಪು ಸಿಪ್ಪೆ ಬೀಜಕ್ಕೆ ಅಂಟಿಕೊಂಡೇ ಇರುತ್ತದೆ. ಅಂಗೈಯಲ್ಲಿ ಉಜ್ಜಿದರೆ ಕಟುವಾದ ವಾಸನೆ, ಬೆರಳಿಗೆ ಅಂಟು. ಆಯುರ್ವೇದದಲ್ಲಿ ಇದು ಬಾಕುಚಿ. ತೊನ್ನಿಗೆ ಇದರ ಲೇಪ ಹಚ್ಚಿ ಬಿಸಿಲಿಗೆ ಒಡ್ಡುವುದು ಬಹು ಹಳೆಯ ಚಿಕಿತ್ಸೆ.

ಆ ಚಿಕಿತ್ಸೆಯ ಹಿಂದಿನ ರಸಾಯನವನ್ನು ಬಿಡಿಸಿದವರಲ್ಲಿ ನಮ್ಮವರೇ ಇದ್ದಾರೆ. 1933ರಲ್ಲಿ ಎಚ್.ಎಸ್. ಜೋಯಿಸ್, ಬಿ.ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಬಾವಂಚಿ ಬೀಜದ ರಾಸಾಯನಿಕ ಪರೀಕ್ಷೆಯನ್ನು ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿ, ಅದರಿಂದ ಸೊರಾಲೆನ್ ಎಂಬ ವಸ್ತುವನ್ನು ಬೇರ್ಪಡಿಸಿ ತೋರಿಸಿದರು. ಕನ್ನಡ ಶಾಲೆಗಳ ಪಠ್ಯದಲ್ಲಿ ಈ ಮೂವರ ಹೆಸರು ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸೊರಾಲೆನ್ ಚಪ್ಪಟೆಯಾದ ಪುಟ್ಟ ಅಣು. ಕೋಶದೊಳಗೆ ಹೋಗಿ ಡಿಎನ್‌ಎಯ ಮೆಟ್ಟಿಲುಗಳ ನಡುವೆ ಸೇರಿಕೊಳ್ಳುತ್ತದೆ. ಕತ್ತಲಲ್ಲಿ ಸುಮ್ಮನಿರುತ್ತದೆ. ಯುವಿ-ಎ ಬಿದ್ದೊಡನೆ ಡಿಎನ್‌ಎಯ ಎರಡೂ ಎಳೆಗಳಿಗೆ ಬೆಸೆದುಕೊಂಡುಬಿಡುತ್ತದೆ. ಕೋಶ ಗಾಬರಿಗೊಳ್ಳುತ್ತದೆ, ಕೆಲವು ಸಾಯುತ್ತವೆ, ಉಳಿದ ವರ್ಣಕಕೋಶಗಳು ಮೆಲನಿನ್ ಹೆಚ್ಚಿಸುತ್ತವೆ. ತೊನ್ನಿನ ಬಿಳಿ ಮಚ್ಚೆಯಲ್ಲಿ ಬಣ್ಣ ತುಂಬಲು ಬೇಕಾದದ್ದು ಇದೇ. ಇದೇ ತತ್ತ್ವದ ಮೇಲೆ ಕೈರೋದ ವೈದ್ಯ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ 1940ರ ದಶಕದಲ್ಲಿ ನೈಲ್ ಸೀಮೆಯ ಇನ್ನೊಂದು ಗಿಡದಿಂದ ತೆಗೆದ ಸೊರಾಲೆನ್ ಬಂಧುವನ್ನು ತೊನ್ನಿಗೆ ಬಳಸಿದರು. 1974ರಲ್ಲಿ ಹಾರ್ವರ್ಡ್‌ನ ಜಾನ್ ಪ್ಯಾರಿಶ್, ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಅದನ್ನು ಯುವಿ-ಎ ದೀಪದೊಂದಿಗೆ ಕೂಡಿಸಿ ಸೋರಿಯಾಸಿಸ್ ಚಿಕಿತ್ಸೆಯಾಗಿ ಮಾಡಿದರು. ಅಲ್ಲಿ ಬೆಳಕನ್ನು ಸೆಕೆಂಡಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ಒಂದು ಲೆಕ್ಕ ತಪ್ಪಿದರೆ ಚರ್ಮ ಬೊಕ್ಕೆ ಏಳುತ್ತದೆ.

ಅದೇ ಬೀಜದಲ್ಲಿ ಇನ್ನೊಂದು ಅಣುವೂ ಇದೆ. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಸುಖ್ ದೇವ್ ಮತ್ತು ಅವರ ಜೊತೆಗಾರರು ಬಾಕುಚಿಯಾಲ್ ಎಂಬ ಎಣ್ಣೆಯಂಥ ವಸ್ತುವನ್ನು ಬೇರ್ಪಡಿಸಿದರು. ಬೀಜದಲ್ಲಿ ಅದರ ಪ್ರಮಾಣ ಧಾರಾಳ. ದಶಕಗಳ ಮೇಲೆ ಅದು ವಿಟಮಿನ್ ಎ ವರ್ಗದ ರೆಟಿನಾಲ್ ಮಾಡುವಂಥದೇ ಕೆಲಸವನ್ನು ಚರ್ಮದ ಕೋಶಗಳಲ್ಲಿ ಮಾಡುತ್ತದೆ ಎಂದು ಕಂಡುಬಂತು. ರಚನೆಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ರೆಟಿನಾಲ್ ವರ್ಗ ಬೆಳಕಿನ ಮುಪ್ಪಿಗೆ ಇರುವ ಅತಿ ಗಟ್ಟಿ ಮದ್ದು, ಆದರೆ ಚರ್ಮ ಸುಲಿಯುತ್ತದೆ, ಉರಿಯುತ್ತದೆ, ಬಸಿರಿನಲ್ಲಿ ಹಚ್ಚುವಂತಿಲ್ಲ. 2019ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ’ಯಲ್ಲಿ ಬಂದ ಪ್ರಯೋಗದಲ್ಲಿ 44 ಮಂದಿಗೆ 12 ವಾರ ಹಚ್ಚಿಸಿದರು. ಕೆಲವರಿಗೆ ಶೇ. 0.5ರ ಬಾಕುಚಿಯಾಲ್ ದಿನಕ್ಕೆರಡು ಸಲ, ಉಳಿದವರಿಗೆ ಅಷ್ಟೇ ಬಲದ ರೆಟಿನಾಲ್ ದಿನಕ್ಕೊಂದು ಸಲ. ಸುಕ್ಕು, ಕಲೆ ಎರಡು ಗುಂಪಿನಲ್ಲೂ ತಗ್ಗಿದವು. ಉರಿ, ಸುಲಿತ ರೆಟಿನಾಲ್ ಗುಂಪಿನಲ್ಲೇ ಹೆಚ್ಚು.

ಒಳ್ಳೆಯ ಸುದ್ದಿ, ಆದರೂ ಅಳತೆ ಮೀರಿ ಹಿಗ್ಗಬಾರದು. ಜನ ಕಡಿಮೆ. ಮದ್ದಿಲ್ಲದ ಬರೀ ಕ್ರೀಮು ಹಚ್ಚಿದ ಮೂರನೇ ಗುಂಪು ಇರಲಿಲ್ಲ. ಬರೀ ಕ್ರೀಮಿನಿಂದಲೂ ಚರ್ಮ ಸ್ವಲ್ಪ ಸುಧಾರಿಸುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರೆಲ್ಲರ ಅನುಭವ.

ಮೊಬೈಲಿನಲ್ಲಿ ‘ಬಾವಂಚಿ ಹಚ್ಚಿರಿ’ ಎನ್ನುವವರು ಓದಿರುವುದು ಈ ಎರಡನೇ ಅಣುವಿನ ಸುದ್ದಿ. ಹಚ್ಚಲು ಹೇಳುವುದು ಮಾತ್ರ ಇಡೀ ಬೀಜವನ್ನು. ಗಿಡಮೂಲಿಕೆ ಅಂಗಡಿಯಿಂದ ತಂದ ಬೀಜವನ್ನು ಕುಟ್ಟಿ ಮೊಸರಿನಲ್ಲಿ ಕಲಸಿದರೆ ಬಾಕುಚಿಯಾಲ್ ಬಂದ ಹಾಗೆ ಸೊರಾಲೆನ್ನೂ ಬರುತ್ತದೆ. ಎಣ್ಣೆಯಲ್ಲಿ ನೆನೆಹಾಕಿದರೂ ಎರಡೂ ಎಣ್ಣೆಗೆ ಇಳಿಯುತ್ತವೆ. ಎರಡೂ ಸಣ್ಣ ಅಣುಗಳು. ಚರ್ಮದ ತಡೆಗೋಡೆಯನ್ನು ಸುಲಭವಾಗಿ ದಾಟಲು ಅಣುವಿನ ತೂಕ 500 ಡಾಲ್ಟನ್ನಿನ ಒಳಗಿರಬೇಕು ಎಂಬ ಅಂದಾಜಿದೆ. ಬಾಕುಚಿಯಾಲ್ 256, ಸೊರಾಲೆನ್ 186. ಕಾರ್ಖಾನೆಯಲ್ಲಿ ಸೊರಾಲೆನ್ ಅನ್ನು ಬೇರೆ ಮಾಡಿ ತೆಗೆದ ಮೇಲೆಯೇ ಬಾಕುಚಿಯಾಲನ್ನು ಮುಖದ ಕ್ರೀಮಿಗೆ ಹಾಕುವುದು. ಅಡುಗೆಮನೆಯಲ್ಲಿ ಆ ಕೆಲಸ ಆಗುವುದಿಲ್ಲ. ಹಚ್ಚಿ ತೊಳೆದು, ಹೊಳೆಯುವ ಮುಖದಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಸೇಡಂ ಬಿಸಿಲು ಹಾರ್ವರ್ಡ್‌ನ ದೀಪದ ಕೆಲಸವನ್ನು ಅಳತೆಯಿಲ್ಲದೆ ಮಾಡುತ್ತದೆ. ತೊಳೆದರೂ ಒಳಗೆ ಸೇರಿದ್ದು ತಾಸುಗಟ್ಟಲೆ ಅಲ್ಲೇ ಇರುತ್ತದೆ. ಆ ತಂಗಿಗೆ ನಾನು ಹೇಳಿದ್ದು: ಕಡಲೆ ಹಿಟ್ಟು ಬೇಕಾದರೆ ಹಚ್ಚು, ಬಾವಂಚಿ ಬೀಜ ಬೇಡವೇ ಬೇಡ. ಬಾಕುಚಿಯಾಲ್ ಬೇಕೆಂದರೆ ಶುದ್ಧ ಮಾಡಿದ್ದನ್ನು, ಚರ್ಮದ ಡಾಕ್ಟರನ್ನು ಕೇಳಿ, ಮೊದಲು ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ಎರಡು ದಿನ ನೋಡಿದ ಮೇಲೆ.

ಈ ಎಲ್ಲಕ್ಕಿಂತ ಹೆಚ್ಚು ಮುಖ ಕೆಡಿಸುತ್ತಿರುವುದು ಗಿಡವೇ ಅಲ್ಲ, ಟ್ಯೂಬು. ಲೇಪ ‘ಬೇಗ ಕೆಲಸ ಮಾಡಲಿ’ ಎಂದು ಔಷಧದ ಅಂಗಡಿಯ ಸ್ಟೀರಾಯ್ಡ್ ಕ್ರೀಮನ್ನು ಬೆರೆಸಿ ಹಚ್ಚುವವರನ್ನು ಐದೂ ಊರುಗಳಲ್ಲಿ ಕಂಡಿದ್ದೇನೆ. ವಾರದಲ್ಲಿ ಮುಖ ಬೆಳ್ಳಗಾಗುತ್ತದೆ. ತಿಂಗಳುಗಳಲ್ಲಿ ಚರ್ಮ ತೆಳ್ಳಗಾಗಿ, ನೆತ್ತರಿನ ಸಣ್ಣ ನಾಳಗಳು ಕಾಣತೊಡಗಿ, ಮೊಡವೆ ಎದ್ದು, ಕ್ರೀಮು ಬಿಟ್ಟರೆ ಉರಿ ತಡೆಯಲಾಗದ ಸ್ಥಿತಿ ಬರುತ್ತದೆ. ಕೊಲ್ಯಾಜನ್ ತೆಳುವಾಗುವ ಇದು ನಿಜವಾದ ಅಕಾಲ ಮುಪ್ಪು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಲೇಪಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿ ಇನ್ನೂ ಕಡಿಮೆ. ಇನ್ನೊಂದು ಮಾತು: ಮುಖದ ಮೇಲೆ ಮಾಸಲು ಬಿಳಿ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಯಾವ ಲೇಪವನ್ನೂ ಹಚ್ಚದೆ ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಅದು ಕುಷ್ಠದ ಮೊದಲ ಗುರುತಾಗಿರಬಹುದು, ಔಷಧ ಪುಕ್ಕಟೆ, ಪೂರ್ತಿ ವಾಸಿಯಾಗುತ್ತದೆ.

ಹಾಗಾದರೆ ಕೆಲಸಕ್ಕೆ ಬರುವುದೇನು? ಇಲ್ಲಿಯವರೆಗೆ ಚರ್ಮದ ಮುಪ್ಪನ್ನು ತಡೆಯುವ ಬಗ್ಗೆ ನಡೆದ ಅತಿ ಒಳ್ಳೆಯ ಪ್ರಯೋಗ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ನಂಬೂರ್ ಎಂಬ ಊರಿನದು. 55 ವಯಸ್ಸಿನೊಳಗಿನ 903 ಜನರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಕೆಲವರಿಗೆ ದಿನವೂ ತಪ್ಪದೆ ಸನ್‌ಸ್ಕ್ರೀನ್ ಹಚ್ಚಿಸಿದರು, ಉಳಿದವರಿಗೆ ಅವರವರ ಇಷ್ಟ. ನಾಲ್ಕೂವರೆ ವರ್ಷದ ಮೇಲೆ ಅಂಗೈ ಹಿಂಬದಿಯ ಚರ್ಮದ ಅಚ್ಚು ತೆಗೆದು ಹೋಲಿಸಿದಾಗ ದಿನವೂ ಹಚ್ಚಿದವರಲ್ಲಿ ಮುಪ್ಪು ಶೇ. 24ರಷ್ಟು ಕಡಿಮೆ ಕಂಡಿತು. 2013ರಲ್ಲಿ ಇದು ಪ್ರಕಟವಾಯಿತು. ಫರ್ಸಿ ಖಣಿಯಲ್ಲಿ ಕಲ್ಲು ಎತ್ತುವ ಹೆಂಗಸಿಗೆ ದಿನವೂ ಸನ್‌ಸ್ಕ್ರೀನ್ ಕೊಳ್ಳುವ ಶಕ್ತಿ ಇಲ್ಲ, ಬೆವರಿಗೆ ಅದು ನಿಲ್ಲುವುದೂ ಇಲ್ಲ. ಆದರೆ ಅವಳ ತಲೆಯ ಮೇಲೆ ಸೆರಗು ಇದೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ತೆಳು ಬಿಳಿ ಬಟ್ಟೆಗಿಂತ ಹೆಚ್ಚು ಕಿರಣ ತಡೆಯುತ್ತದೆ, ಹತ್ತಿ ಬಟ್ಟೆ ಒದ್ದೆಯಾದರೆ ತಡೆ ಕುಗ್ಗುತ್ತದೆ. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರು ಹೊದೆಯುವ ಕಸೂತಿಯ ದಪ್ಪ ಮುಸುಕು ಈ ದೃಷ್ಟಿಯಿಂದ ಉತ್ತಮ ರಕ್ಷಣೆ. ಕಲ್ಲಿನಿಂದ ತಿರುಗಿ ಬರುವ ಕಿರಣಕ್ಕೆ ಸೆರಗನ್ನು ಕೆನ್ನೆ, ಗಲ್ಲಗಳ ಮೇಲೂ ಸುತ್ತಿಕೊಳ್ಳಬೇಕು. ದೂಳೂ ಅಲ್ಲೇ ನಿಲ್ಲುತ್ತದೆ.

ಒಣಗಿದ ಚರ್ಮಕ್ಕೆ ಈ ನೆಲದ್ದೇ ಒಂದು ವಸ್ತು ಇದೆ, ಅದನ್ನು ನಾವು ಮರೆಯುತ್ತಿದ್ದೇವೆ: ಕುಸುಬಿ ಎಣ್ಣೆ. ಇದರ ಸುಮಾರು ಮುಕ್ಕಾಲು ಪಾಲು ಲಿನೊಲೆಯಿಕ್ ಆಮ್ಲ. ಚರ್ಮ ತನ್ನ ನೀರು ಹೊರಹೋಗದಂತೆ ಕಟ್ಟಿಕೊಳ್ಳುವ ಸೆರಾಮೈಡ್ ಎಂಬ ಕೊಬ್ಬಿಗೆ ಈ ಆಮ್ಲವೇ ಬೇಕು, ದೇಹ ಅದನ್ನು ತಾನಾಗಿ ತಯಾರಿಸಲಾರದು. 2013ರ ಒಂದು ಪರೀಕ್ಷೆಯಲ್ಲಿ ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸಿತು, ಲಿನೊಲೆಯಿಕ್ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಕುಸುಬಿಯಲ್ಲಿ ಆ ಆಮ್ಲ ಸೂರ್ಯಕಾಂತಿಗಿಂತಲೂ ಹೆಚ್ಚು. ಸಿಮೆಂಟ್ ದೂಳಿನಿಂದ ಬಂದವರು ಗಡುಸು ಸಾಬೂನಿನಿಂದ ಮುಖ ತಿಕ್ಕುವ ಬದಲು ಕಡಲೆ ಹಿಟ್ಟಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಇರುವಾಗಲೇ ಗಾಣದ ಕುಸುಬಿ ಎಣ್ಣೆಯ ಎರಡು ಹನಿ ಸವರಿಕೊಂಡರೆ ಸಾಕು. ಅವ್ವನ ಹಿಟ್ಟಿಗೆ ನಾನು ಕೊಡುವ ಜಾಗ ಇದು. ಸುಕ್ಕಿಗೆ ಅದು ಮದ್ದಲ್ಲ, ಒಳ್ಳೆಯ ಸಾಬೂನು.

ನಮ್ಮ ಚರ್ಮದ ಮೇಲೆ, ನಮ್ಮ ಬಿಸಿಲಿನಲ್ಲಿ ಬಾಕುಚಿಯಾಲ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬೇಕು. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ವಿಭಾಗವಿದೆ, ಗಿಡ ಹೊಲದ ಬದುವಿನಲ್ಲಿದೆ. ಅರ್ಧ ಮುಖಕ್ಕೆ ಬಾಕುಚಿಯಾಲ್ ಇರುವ ಕ್ರೀಮು, ಇನ್ನರ್ಧಕ್ಕೆ ಅದಿಲ್ಲದ ಅದೇ ಕ್ರೀಮು. ಯಾವುದು ಯಾವುದೆಂದು ಹಚ್ಚಿಕೊಳ್ಳುವವರಿಗೂ ಗೊತ್ತಿರಬಾರದು, ಚಿತ್ರ ನೋಡಿ ಅಂಕ ಕೊಡುವವರಿಗೂ ಗೊತ್ತಿರಬಾರದು. ಚರ್ಮದ ಮೇಲ್ಪದರ ಹೊಸದಾಗಲು ತಿಂಗಳಾದರೂ ಬೇಕು, ಆದ್ದರಿಂದ ಮೂರು ತಿಂಗಳಿಗೆ ಕಡಿಮೆ ನಡೆಸಿದರೆ ಉಪಯೋಗವಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಹೊಲದ ಕೆಲಸ ಸಡಿಲವಾಗುತ್ತದೆ, ಫೆಬ್ರವರಿಯಲ್ಲಿ ಶುರು ಮಾಡಿದರೆ ಹೆಂಗಸರು ತಪ್ಪದೆ ಬರಬಲ್ಲರು. ಸುಕ್ಕಿನ ಜೊತೆಗೆ ಬಂಗಿಗೂ ಬೇರೆ ಅಂಕಪಟ್ಟಿ ಇರಬೇಕು, ಇಲ್ಲಿಯವರು ಕೇಳುವುದು ಅದನ್ನೇ. ಮತ್ತು ಎರಡೂ ಬದಿಗೆ ಸೆರಗಿನ ಮರೆ ಸಮನಾಗಿ ಇರುವಂತೆ ಮೊದಲ ದಿನವೇ ಹೇಳಿಕೊಡಬೇಕು.